ನೀರಿನ ಲೆಕ್ಕವೂ ಕಾಯಕವೇ

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನ ಸಾಹಿತ್ಯವನ್ನು ಆಳವಾಗಿ ಓದಿಕೊಂಡವರು ಮಾತನಾಡುತ್ತಾರೆ. ನಾನು ಅಷ್ಟು ಓದಿದವನಲ್ಲ. ಸರ್ಕಾರಿ ನೌಕರಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲುವೆ, ತೂಬು, ಕೆರೆ ಏರಿ ಎಂದು ತಿರುಗಾಡಿದ ಇಂಜಿನಿಯರ್. ಪೂಜ್ಯರ ಬಳಿ ಹಾಗೆಯೇ ಹೇಳಿಕೊಂಡೆ. "ನಿಮಗೆ ಗೊತ್ತಿರುವುದು ನೀರು. ನೀರಿನ ಬಗ್ಗೆಯೇ ಮಾತನಾಡಿ, ಲೆಕ್ಕ ಸಮೇತ ಮಾತನಾಡಿ" ಎಂದು ಅಪ್ಪಣೆ ಕೊಡಿಸಿದರು. ಆದ್ದರಿಂದ ಇವತ್ತು ಸ್ವಲ್ಪ ಲೆಕ್ಕ ಇರುತ್ತದೆ. ಬೇಸರ ಮಾಡಿಕೊಳ್ಳಬಾರದು. ಕಾಯಕದಲ್ಲಿ ಲೆಕ್ಕ ತಪ್ಪಬಾರದು ಎಂಬುದು ನಮ್ಮ ಧರ್ಮವೇ ಹೇಳಿಕೊಟ್ಟ ಪಾಠ. ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರೇ ನಮ್ಮ ಗುರು.

ನೀರು ಉಳಿಸಬೇಕು ಎಂಬ ಮಾತು ಬಂದ ಕೂಡಲೇ ನಮ್ಮ ಗಮನ ಮನೆಯ ನಲ್ಲಿಯ ಕಡೆಗೆ ಹೋಗುತ್ತದೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ, ಪೈಪು ಹಿಡಿದು ಗಾಡಿ ತೊಳೆಯಬೇಡಿ ಎನ್ನುತ್ತೇವೆ. ಶಾಲೆಯ ಗೋಡೆಯ ಮೇಲೂ ಅದನ್ನೇ ಬರೆಸುತ್ತೇವೆ. ತಪ್ಪಲ್ಲ, ಮಾಡಲೇಬೇಕು. ಆದರೆ ನೀರು ನಿಜವಾಗಿ ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

ಉತ್ತರ ಹೀಗಿದೆ. ನಮ್ಮ ದೇಶದಲ್ಲಿ ನದಿ, ಕೆರೆ, ಬಾವಿಗಳಿಂದ ನೂರು ಕೊಡ ನೀರು ಎತ್ತಿದರೆ ಅದರಲ್ಲಿ ಸುಮಾರು ತೊಂಬತ್ತು ಕೊಡ ಹೊಲಕ್ಕೆ ಹೋಗುತ್ತದೆ. ಏಳೆಂಟು ಕೊಡ ಮನೆಗಳಿಗೆ. ಉಳಿದ ಎರಡು ಮೂರು ಕೊಡ ಕಾರ್ಖಾನೆಗಳಿಗೆ. ಇಡೀ ಜಗತ್ತಿನ ಲೆಕ್ಕ ತೆಗೆದುಕೊಂಡರೆ ಹೊಲಕ್ಕೆ ಸುಮಾರು ಎಪ್ಪತ್ತು, ಕಾರ್ಖಾನೆಗೆ ಇಪ್ಪತ್ತರ ಹತ್ತಿರ, ಮನೆಗೆ ಹತ್ತು ಹನ್ನೆರಡು. ನಮ್ಮದು ಇಂದಿಗೂ ಒಕ್ಕಲುತನದ ದೇಶ, ಮಳೆ ಬೀಳುವುದು ವರ್ಷದಲ್ಲಿ ನಾಲ್ಕು ತಿಂಗಳು. ಹಾಗಾಗಿ ಹೊಲದ ಪಾಲು ಇಷ್ಟು ದೊಡ್ಡದು.

ಈ ಮಾತು ಕೇಳಿದ ಪಟ್ಟಣದವರು "ನೋಡಿ, ನೀರನ್ನೆಲ್ಲ ರೈತನೇ ಕುಡಿಯುತ್ತಾನೆ" ಎನ್ನುತ್ತಾರೆ. ಆ ತೀರ್ಮಾನ ಸರಿಯಲ್ಲ. ಏಕೆ ಸರಿಯಲ್ಲ ಎಂದು ಹೇಳುವ ಮೊದಲು ಒಂದು ಅಳತೆ ಕೊಡುತ್ತೇನೆ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಹಿಡಿದಿದ್ದಾರೆ. ಐದು ಜನರ ಸಂಸಾರಕ್ಕೆ ವರ್ಷಕ್ಕೆ ಒಂದು ಲಕ್ಷ ಲೀಟರ್ ಆಯಿತು. ಈಗ ಒಂದು ಎಕರೆ ಹೊಲದಲ್ಲಿ ಒಂದು ಅಂಗುಲ ನೀರು ನಿಲ್ಲಿಸಿ. ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲ. ಅದೂ ಒಂದು ಲಕ್ಷ ಲೀಟರ್. ಅಂದರೆ ಒಂದು ಎಕರೆಗೆ ಒಂದು ಅಂಗುಲ ನೀರು ಎಂದರೆ ಒಂದು ಸಂಸಾರದ ಒಂದು ವರ್ಷದ ಕುಡಿಯುವ, ಅಡುಗೆಯ, ಸ್ನಾನದ, ಬಟ್ಟೆ ಒಗೆಯುವ ನೀರು.

ಭತ್ತದ ಬೆಳೆಗೆ ಮಳೆಯ ನೀರೂ ಸೇರಿ ಸುಮಾರು 1,200 ಮಿಲಿಮೀಟರ್, ಅಂದರೆ ನಲವತ್ತೇಳು ನಲವತ್ತೆಂಟು ಅಂಗುಲ ನೀರು ಬೇಕು. ಒಂದು ಎಕರೆ ಭತ್ತದ ಒಂದು ಬೆಳೆ ಎಂದರೆ ಹೆಚ್ಚುಕಡಿಮೆ ನಲವತ್ತೆಂಟು ಸಂಸಾರಗಳ ವರ್ಷದ ನೀರು. ವರ್ಷವಿಡೀ ನಿಲ್ಲುವ ಕಬ್ಬಿಗೆ ಎಂಬತ್ತು ಅಂಗುಲದ ಹತ್ತಿರ. ಜೋಳಕ್ಕೆ ಇಪ್ಪತ್ತು ಅಂಗುಲ ಸಾಕು. ನಮ್ಮ ಎರೆ ಭೂಮಿಯ ಹಿಂಗಾರಿ ಜೋಳವಂತೂ ಮಣ್ಣಿನಲ್ಲಿ ಉಳಿದ ಹಸಿಯಲ್ಲಿಯೇ ಬಹುಪಾಲು ಬೆಳೆದುಬಿಡುತ್ತದೆ, ಕಾಲುವೆಯನ್ನು ಕೇಳುವುದೇ ಇಲ್ಲ.

ಪಟ್ಟಣದ ಲೆಕ್ಕವನ್ನೂ ನೋಡಿ. ಬೆಂಗಳೂರಿಗೆ ಕಾವೇರಿಯ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ಇನ್ನೂ 77.5 ಕೋಟಿ ಲೀಟರಿನ ಸಾಮರ್ಥ್ಯ ಸೇರಿತು. ಎಲ್ಲ ಹಂತಗಳೂ ಪೂರ್ತಿ ನಡೆದರೆ ವರ್ಷಕ್ಕೆ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಟಿಎಂಸಿ. ಕೋಟಿಗೂ ಮೀರಿದ ಜನರಿರುವ ನಗರಕ್ಕೆ ತರುವ ಅಷ್ಟು ನೀರು, ಹೊಲದ ಲೆಕ್ಕದಲ್ಲಿ ಸುಮಾರು 1 ಲಕ್ಷ 65 ಸಾವಿರ ಎಕರೆ ಭತ್ತದ ಒಂದು ಬೆಳೆಗೆ ಸಮ.

ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಅರ್ಧ ಆಗುತ್ತದೆ. ನಾವು ಇಂಜಿನಿಯರುಗಳು ಬಹಳ ಕಾಲ ಅರ್ಧ ಲೆಕ್ಕವನ್ನೇ ಮಾಡಿದೆವು. ಎಷ್ಟು ನೀರು ತೆಗೆದುಕೊಂಡರು ಎಂಬುದು ಒಂದು ಪ್ರಶ್ನೆ. ತೆಗೆದುಕೊಂಡದ್ದರಲ್ಲಿ ಎಷ್ಟು ಹಿಂತಿರುಗಿ ಬಂತು, ಯಾವ ಸ್ಥಿತಿಯಲ್ಲಿ ಬಂತು ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಹೊಲ, ಮನೆ, ಕಾರ್ಖಾನೆ ಇವು ಮೂರೂ ನಿಜವಾಗಿ ಬೇರೆಯಾಗುವುದು ಇಲ್ಲಿ.

ಹೊಲಕ್ಕೆ ಹಾಯಿಸಿದ ನೀರನ್ನು ಬೆಳೆ ಬೇರಿನಿಂದ ಹೀರಿ ಎಲೆಯಿಂದ ಆವಿ ಮಾಡಿ ಆಕಾಶಕ್ಕೆ ಕಳಿಸುತ್ತದೆ. ಆ ನೀರು ಮತ್ತೆಲ್ಲೋ ಮಳೆಯಾಗಿ ಬೀಳಬಹುದು, ಆದರೆ ನಮ್ಮ ಕಾಲುವೆಗೆ ಅದು ಮರಳಿ ಸಿಗುವುದಿಲ್ಲ. ಖರ್ಚಾಯಿತು ಎಂದೇ ಬರೆದುಕೊಳ್ಳಬೇಕು. ಇಂಗಿದ ನೀರು ಮಾತ್ರ ಕೆಳಗಿನ ಬಾವಿಗೋ ಹಳ್ಳಕ್ಕೋ ಸೇರಿ ಇನ್ನೊಬ್ಬನಿಗೆ ಒದಗುತ್ತದೆ.

ಮನೆಯ ನೀರು ಹಾಗಲ್ಲ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಚರಂಡಿಗೆ ಹೋಗುತ್ತದೆ. ಒಳಚರಂಡಿ ಯೋಜನೆ ಮಾಡುವಾಗ ನಾವು ಹಿಡಿಯುವ ಲೆಕ್ಕವೇ ಅದು. ಮನೆ ನೀರನ್ನು ತಿನ್ನುವುದಿಲ್ಲ, ಕೊಳೆ ಮಾಡಿ ವಾಪಸು ಕೊಡುತ್ತದೆ. ಶುದ್ಧ ಮಾಡಿದರೆ ಅದನ್ನು ಮತ್ತೆ ಬಳಸಬಹುದು. ನಾವು ಮಾಡುತ್ತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದ ಪಟ್ಟಣಗಳಲ್ಲಿ ದಿನಕ್ಕೆ 7,200 ಕೋಟಿ ಲೀಟರಿಗೂ ಹೆಚ್ಚು ಕೊಳಚೆ ನೀರು ಹುಟ್ಟುತ್ತದೆ, ಶುದ್ಧೀಕರಣವಾಗುವುದು ಸುಮಾರು 2,000 ಕೋಟಿ ಲೀಟರ್. ಮಿಕ್ಕದ್ದು ಹಳ್ಳ, ಕೆರೆ, ಹೊಳೆಗಳ ಪಾಲು. ಕೆಳಗಿನ ಊರಿನವರು ಅದನ್ನೇ ಎತ್ತಿ ಕುಡಿಯಬೇಕು.

ಕಾರ್ಖಾನೆಯದು ಮೂರನೆಯ ಬಗೆ. ದೇಶದ ಲೆಕ್ಕದಲ್ಲಿ ಅದರ ಪಾಲು ಚಿಕ್ಕದು. ಆದರೆ ಅದಕ್ಕೆ ನೀರು ವರ್ಷದ 365 ದಿನವೂ ಬೇಕು, ಒಂದೇ ಜಾಗದಲ್ಲಿ ಬೇಕು. ಬರಗಾಲ ಬಂತು ಎಂದು ಕುಲುಮೆ ಆರಿಸಲಾಗುವುದಿಲ್ಲ. ಇದರಲ್ಲಿ ಬಹಳಷ್ಟು ನೀರು ಯಂತ್ರ ತಂಪು ಮಾಡುವುದಕ್ಕೆ ಹೋಗುತ್ತದೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಒಂದು ಯೂನಿಟ್ ವಿದ್ಯುತ್ತಿಗೆ ಮೂರೂವರೆ ಲೀಟರಿಗಿಂತ ಹೆಚ್ಚು ನೀರು ಬಳಸಬಾರದು ಎಂದು 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಕೃಷ್ಣೆಯ ದಡದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ಪಂಪ್‌ಸೆಟ್ ಓಡಿಸುವ ಕರೆಂಟಿನಲ್ಲೂ ಹೊಳೆಯ ನೀರು ಸೇರಿದೆ ಎಂದು ಇದರ ಅರ್ಥ. ಆದರೆ ಕಾರ್ಖಾನೆಯ ನಿಜವಾದ ಅಪಾಯ ಅದು ತೆಗೆದುಕೊಳ್ಳುವುದರಲ್ಲಿ ಇಲ್ಲ, ಬಿಡುವುದರಲ್ಲಿದೆ. ಮನೆಯ ಕೊಳೆಯನ್ನು ಮಣ್ಣು, ಗಾಳಿ, ಬಿಸಿಲು ಸ್ವಲ್ಪವಾದರೂ ತಿಳಿ ಮಾಡುತ್ತವೆ. ಬಣ್ಣದ, ಚರ್ಮದ, ರಾಸಾಯನಿಕದ ವಿಷ ಹಾಗೆ ಹೋಗುವುದಿಲ್ಲ. ಒಂದು ಟ್ಯಾಂಕರ್ ವಿಷ ರಾತ್ರಿ ಹಳ್ಳಕ್ಕೆ ಬಿಟ್ಟರೆ ಊರಿನ ಬಾವಿಗಳೆಲ್ಲ ವರ್ಷಗಟ್ಟಲೆ ಕೆಟ್ಟವು.

ಆದ್ದರಿಂದ ಮೂವರ ಋಣವೂ ಒಂದೇ ಅಲ್ಲ. ಹೊಲದ ಋಣ ನೀರಿನ ಪ್ರಮಾಣದ್ದು. ಮನೆಯ ಋಣ ಕೊಳೆ ತೊಳೆದು ಹಿಂತಿರುಗಿಸುವುದರದ್ದು. ಕಾರ್ಖಾನೆಯ ಋಣ ವಿಷ ಬಿಡದೇ ಇರುವುದರದ್ದು. ಮೂವರಿಗೂ "ನಲ್ಲಿ ನಿಲ್ಲಿಸಿ" ಎಂಬ ಒಂದೇ ಉಪದೇಶ ಮಾಡಿದರೆ ಯಾರ ಸಾಲವೂ ತೀರುವುದಿಲ್ಲ.

ಈಗ ನನ್ನ ಸ್ವಂತದ ಒಂದು ಸಂಗತಿ ಹೇಳಬೇಕು. ಈ ಮಾತನ್ನು ಬಹಳ ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ.

ನಾನು ಆಗ ಒಂದು ಉಪವಿಭಾಗದಲ್ಲಿ ಕಾಲುವೆ ನೋಡಿಕೊಳ್ಳುತ್ತಿದ್ದೆ. ಊರಿನ ಹೆಸರು ಬೇಡ. ವಿತರಣಾ ಕಾಲುವೆಯ ಬಾಯಿಯಲ್ಲಿ ಗೇಜ್ ಪಟ್ಟಿ ಇರುತ್ತದೆ. ಬೆಳಿಗ್ಗೆ ಸಂಜೆ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಅದಕ್ಕೆ ನಾನು ಸಹಿ ಹಾಕುತ್ತಿದ್ದೆ. ಪುಸ್ತಕದ ಪ್ರಕಾರ ಬಿಡಬೇಕಾದಷ್ಟು ನೀರು ಬಿಟ್ಟಿದ್ದೆವು. ಒಂದು ಮಾರ್ಚ್ ತಿಂಗಳಲ್ಲಿ ಕೊನೆ ಭಾಗದ ಹಳ್ಳಿಯವರು ತಕರಾರು ಕೊಟ್ಟರು. ಪುಸ್ತಕ ಹಿಡಿದುಕೊಂಡೇ ಹೋದೆ. ಅಲ್ಲಿ ಒಬ್ಬ ಅಜ್ಜ ನನ್ನನ್ನು ಕಾಲುವೆಯೊಳಗೆ ಇಳಿಸಿಕೊಂಡು ನಡೆಸಿದ. ಬೂಟಿಗೆ ಧೂಳು ಹತ್ತಿತು, ಹಸಿ ಹತ್ತಲಿಲ್ಲ. ಅಜ್ಜ ಹೇಳಿದ: "ಸಾಹೇಬ್ರ, ನಿಮ್ಮ ಬುಕ್ಕಿನ್ಯಾಗ ನೀರು ಬಂದಾವ. ನಮ್ಮ ಕಾಲುವ್ಯಾಗ ಬಂದಿಲ್ರಿ."

ಬೆಳೆ ಒಣಗಿತ್ತು, ಅದು ಒಂದು ಮಾತು. ಆ ಊರಿನ ಕುಡಿಯುವ ನೀರಿನ ಕೆರೆ ತುಂಬುತ್ತಿದ್ದದ್ದೂ ಅದೇ ಕಾಲುವೆಯಿಂದ. ಕೆರೆಯ ತಳದಲ್ಲಿ ಹಸಿರು ಬಗ್ಗಡ ಉಳಿದಿತ್ತು. ಹೆಣ್ಣುಮಕ್ಕಳು ಬಟ್ಟಲಲ್ಲಿ ತೋಡಿ ಕೊಡಕ್ಕೆ ಬಟ್ಟೆ ಕಟ್ಟಿ ಸೋಸುತ್ತಿದ್ದರು. ಕಾಗದದ ಮೇಲೆ ನೀರಾವರಿ ಬೇರೆ, ಕುಡಿಯುವ ನೀರು ಬೇರೆ. 1987ರ ರಾಷ್ಟ್ರೀಯ ಜಲನೀತಿಯೇ ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯ ಸ್ಥಾನ ಎಂದು ಬರೆದಿದೆ. ಆದರೆ ಕಾಲುವೆ ಒಂದೇ. ಮೇಲಿನವನು ಹೊಲಕ್ಕೆ ತಿರುಗಿಸಿಕೊಂಡರೆ ಕೆಳಗಿನವಳ ಕೊಡ ಬರಿದು.

ನೀರು ಎಲ್ಲಿ ಹೋಯಿತು ಎಂದು ಕಾಲುವೆಗುಂಟ ಮೇಲಕ್ಕೆ ನಡೆದು ನೋಡಿದೆ. ಲಘು ನೀರಾವರಿ ಬೆಳೆ ಎಂದು ಗೊತ್ತುಪಡಿಸಿದ ಹೊಲಗಳಲ್ಲಿ ಭತ್ತ ನಿಂತಿತ್ತು. ಕಾಲುವೆಗೆ ಪೈಪು ಇಳಿಸಿ ಪಂಪು ಹಚ್ಚಿದ್ದರು. ಅವರಲ್ಲಿ ಒಬ್ಬರು ನನಗೆ ಚೆನ್ನಾಗಿ ಗೊತ್ತಿದ್ದವರು. ದಿನವೂ ತಪ್ಪದೆ ಲಿಂಗಪೂಜೆ ಮಾಡುವವರು, ಜಾತಿ ಭೇದ ಮಾಡದೆ ಎಲ್ಲರನ್ನೂ ಮನೆಯೊಳಗೆ ಕೂರಿಸಿ ಉಣಿಸುವವರು. ಪ್ರತಿ ವರ್ಷ ದಾಸೋಹಕ್ಕೆ ಹತ್ತು ಚೀಲ ಅಕ್ಕಿ ಕಳಿಸುವವರು. ಆ ದಾಸೋಹದಲ್ಲಿ ನಾನೂ ಉಂಡಿದ್ದೆ. ಪಂಪು ತೆಗೆಯಿರಿ ಎಂದಾಗ ಅವರು ಸಿಟ್ಟಾಗಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟರು. "ಸಾಹೇಬ್ರೇ, ನಾನೇನು ಕಳ್ಳತನ ಮಾಡೀನೇನ್ರಿ? ಹರಿಯೋ ನೀರು ತಗೊಂಡೀನಿ. ಬೆಳೆದಿದ್ದರಾಗ ಜಂಗಮಕ್ಕೂ ಕೊಡ್ತೀನಿ" ಎಂದರು.

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಕಾನೂನು ಹೇಳಿದೆ. ಎರಡು ರಾತ್ರಿ ಸೌಡಿಗಳನ್ನು ಕಾವಲು ಹಾಕಿ ಕೆಳಗೆ ನೀರು ಮುಟ್ಟಿಸಿದೆ. ಮೂರನೆಯ ದಿನ ಪಂಪುಗಳು ಮತ್ತೆ ಇಳಿದವು. ಮೇಲಿನಿಂದಲೂ ಕೆಳಗಿನಿಂದಲೂ ಒತ್ತಡ ಬಂತು. ನಾನು ಮತ್ತೆ ಗೇಜ್ ಪುಸ್ತಕಕ್ಕೆ ಸಹಿ ಹಾಕತೊಡಗಿದೆ. ಬರೆದದ್ದು ಸುಳ್ಳಲ್ಲ, ಬಾಯಿಯಲ್ಲಿ ಅಷ್ಟೇ ನೀರಿತ್ತು. ಕೊನೆಯಲ್ಲಿ ಎಷ್ಟಿದೆ ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ನಾನು ಒಂದು ಕಾಲಂ ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ.

ಅವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ, ಇಂಥದೇ ಒಂದು ಗೋಷ್ಠಿಯಲ್ಲಿ, ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳುವಾಗ. ನಿಮಗೆಲ್ಲ ಗೊತ್ತಿರುವ ಕಥೆ. ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಿಂದಲೇ ಇಬ್ಬರೂ ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಕಳಿಸಿದಳು. ಗಮನಿಸಿ, ಆ ಅಕ್ಕಿ ಕದ್ದದ್ದಲ್ಲ. ನೆಲಕ್ಕೆ ಬಿದ್ದದ್ದು, ಯಾರೂ ಬೇಡ ಎಂದಿರಲಿಲ್ಲ. ದಾಸೋಹಕ್ಕೇ ಹೋಗುವಂಥದ್ದು. ಆದರೂ ಅವಳು ಒಪ್ಪಲಿಲ್ಲ. ಹೆಚ್ಚು ತಂದು ಹೆಚ್ಚು ದಾಸೋಹ ಮಾಡೋಣ ಎಂಬ ಮಾತೇ ಅವಳಲ್ಲಿ ಬರಲಿಲ್ಲ. ದಾಸೋಹ ಶುದ್ಧವಾಗಬೇಕಾದರೆ ತಂದದ್ದು ಶುದ್ಧವಾಗಿರಬೇಕು.

ನನ್ನ ಪರಿಚಯದ ಆ ಭಕ್ತರಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದೇ. ಆ ಹತ್ತು ಚೀಲದಲ್ಲಿ ಇದ್ದದ್ದು ಅಕ್ಕಿ ಮಾತ್ರ ಅಲ್ಲ, ಕೆಳಗಿನ ಊರಿನ ನೀರೂ ಇತ್ತು. ಉಂಡ ನಮಗೆ ಅದು ತಿಳಿಯಲಿಲ್ಲ.

ಇದು ಒಬ್ಬರ ತಪ್ಪಿನ ಮಾತಲ್ಲ. ತುಂಗಭದ್ರಾ ಎಡದಂಡೆಯ ಚರಿತ್ರೆ ಎಲ್ಲರಿಗೂ ಗೊತ್ತಿದೆ. 1953ರಲ್ಲಿ ಆ ಜಲಾಶಯದ ನೀರು ಕಾಲುವೆಗೆ ಬಂತು. ಬರಪೀಡಿತ ನಾಡಿನಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ತೆಳುವಾಗಿ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಕಾಪಾಡುವುದು ಮೂಲ ಯೋಜನೆ. ಭತ್ತಕ್ಕೆ ಇಟ್ಟ ಭಾಗ ಚಿಕ್ಕದು. ಮುಂದೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೆಳಗೆ ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ರೈತರು ಇಂದಿಗೂ ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಅತ್ತ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿಯ ಸಾಮರ್ಥ್ಯ ನೂರೈದರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಇಡೀ ನಾಡು ಗಾಬರಿಯಾಯಿತು. ಗೇಟು ಮುರಿದರೆ ನಮಗೆ ಕಾಣುತ್ತದೆ. ಪ್ರತಿ ವರ್ಷ ಸದ್ದಿಲ್ಲದೆ ಕೊನೆಯವನ ಪಾಲು ಹರಿದುಹೋಗುವುದು ಕಾಣುವುದಿಲ್ಲ.

ರೈತನನ್ನು ಬೈಯುವುದು ಸುಲಭ. ಆದರೆ ಅವನು ಭತ್ತವನ್ನೋ ಕಬ್ಬನ್ನೋ ಏಕೆ ಹಾಕುತ್ತಾನೆ? ಅದಕ್ಕೆ ಮಾರುಕಟ್ಟೆ ಇದೆ, ಕೊಳ್ಳುವ ಗಿರಣಿ ಇದೆ, ಕಾರ್ಖಾನೆ ಇದೆ. ಜೋಳಕ್ಕೆ ಆ ಭರವಸೆ ಇಲ್ಲ. ಅವನು ತೆಗೆದ ತೊಂಬತ್ತು ಕೊಡ ನೀರನ್ನು ಅವನೊಬ್ಬನೇ ಕುಡಿಯಲಿಲ್ಲ. ಅನ್ನವಾಗಿ, ಸಕ್ಕರೆಯಾಗಿ, ಬಟ್ಟೆಯಾಗಿ ಅದು ನಮ್ಮ ಮನೆಗೇ ಬಂತು. ಪಟ್ಟಣದವರ ತೀರ್ಮಾನ ಸರಿಯಲ್ಲ ಎಂದು ನಾನು ಮೊದಲು ಹೇಳಿದ್ದು ಇದಕ್ಕೆ.

ಇಲ್ಲೊಂದು ಲೆಕ್ಕ ಮಾಡೋಣ. ಎಕರೆಗೆ 48 ಲಕ್ಷ ಲೀಟರ್ ನೀರು, ಬೆಳೆ 24 ಕ್ವಿಂಟಾಲ್ ಭತ್ತ ಎಂದು ಹಿಡಿಯಿರಿ. ಮಿಲ್ಲು ಮಾಡಿಸಿದರೆ 16 ಕ್ವಿಂಟಾಲ್ ಅಕ್ಕಿ. ಒಂದು ಕಿಲೋ ಅಕ್ಕಿಗೆ 3,000 ಲೀಟರ್ ಆಯಿತು. ಎಲೆಯಲ್ಲಿ ಬಿಟ್ಟು ಏಳುವ ಒಂದು ಹಿಡಿ ಅನ್ನಕ್ಕೆ ಸುಮಾರು 20 ಗ್ರಾಂ ಅಕ್ಕಿ, ಅಂದರೆ 60 ಲೀಟರ್ ನೀರು. ಹಳ್ಳಿಯ ಒಬ್ಬ ಮನುಷ್ಯನ ಇಡೀ ದಿನದ ನೀರಿಗಿಂತ ಅದು ಹೆಚ್ಚು. ಪ್ರಸಾದವನ್ನು ಚೆಲ್ಲಬಾರದು ಎಂದು ನಮ್ಮ ಹಿರಿಯರು ತಟ್ಟೆ ತೊಳೆದು ಕುಡಿಯುತ್ತಿದ್ದರು. ನಲ್ಲಿ ನಿಲ್ಲಿಸುವುದಕ್ಕಿಂತ ಹೆಚ್ಚಿನ ನೀರನ್ನು ಅವರು ಆ ತಟ್ಟೆಯಲ್ಲಿಯೇ ಉಳಿಸುತ್ತಿದ್ದರು.

ಇನ್ನು ಪರಿಹಾರದ ಮಾತು. ಹೊಲದಲ್ಲಿ ಹನಿ ನೀರಾವರಿ ಮಾಡಿ ಎನ್ನುತ್ತೇವೆ. ಒಳ್ಳೆಯದು. ತೆರೆದ ಕಾಲುವೆಯ ನೀರಾವರಿಯಲ್ಲಿ ಬಿಟ್ಟ ನೀರಿನ ಅರ್ಧವೂ ಬೇರಿಗೆ ಮುಟ್ಟುವುದಿಲ್ಲ, ಹನಿಯಲ್ಲಿ ಬಹುಪಾಲು ಮುಟ್ಟುತ್ತದೆ. ಕೂಡಲಸಂಗಮ ಇರುವ ಹುನಗುಂದ ತಾಲ್ಲೂಕಿನಲ್ಲಿಯೇ ರಾಮಥಾಳದ ಹನಿ ನೀರಾವರಿ ಯೋಜನೆ ಇದೆ, ಸುಮಾರು 24,000 ಹೆಕ್ಟೇರ್ ಹೊಲಕ್ಕೆ ಕೊಳವೆ ಹಾಕಿದ್ದಾರೆ. ಅದಕ್ಕೆ ನೀರು ಬರುವುದು ನಾರಾಯಣಪುರದ ಹಿನ್ನೀರಿನಿಂದ. ಬಸವಸಾಗರ ಎಂದು ಅದಕ್ಕೆ ನಮ್ಮ ಗುರುವಿನ ಹೆಸರನ್ನೇ ಇಟ್ಟಿದ್ದಾರೆ. ಐಕ್ಯಮಂಟಪ ಆ ಹಿನ್ನೀರಿನಲ್ಲಿ ಮುಳುಗದಿರಲೆಂದು ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ, ನಾವೆಲ್ಲ ಮೆಟ್ಟಿಲಿಳಿದು ದರ್ಶನ ಮಾಡುತ್ತೇವೆ.

ಆದರೆ ಒಂದು ಎಚ್ಚರಿಕೆ ಹೇಳಬೇಕು. ಕೊಳವೆಬಾವಿ ಇದ್ದವನು ಹನಿ ನೀರಾವರಿ ಮಾಡಿದ, ಎರಡು ಎಕರೆಯ ನೀರು ಒಂದೇ ಎಕರೆಯ ನೀರಾಯಿತು ಎನ್ನಿ. ಉಳಿದದ್ದನ್ನು ಭೂಮಿಯಲ್ಲಿಯೇ ಬಿಟ್ಟರೆ ಉಳಿತಾಯ. ಆ ನೀರಿನಲ್ಲಿ ಇನ್ನೂ ಎರಡು ಎಕರೆ ಕಬ್ಬು ಹಾಕಿದರೆ ಖರ್ಚು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೊದಲು ಇಂಗಿ ಪಕ್ಕದವನ ಬಾವಿಗೆ ಹೋಗುತ್ತಿದ್ದ ನೀರೂ ಈಗ ಆವಿಯಾಗಿ ಹೋಯಿತು. ಹೀಗೆ ಆಗಿರುವ ಊರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಂತ್ರದಿಂದ ನೀರು ಉಳಿಯುವುದಿಲ್ಲ ಬಂಧುಗಳೇ. ಯಂತ್ರ ಅವಕಾಶ ಮಾತ್ರ ಕೊಡುತ್ತದೆ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರುವ ಲಕ್ಕಮ್ಮನ ಮನಸ್ಸಿದ್ದರೆ ಮಾತ್ರ ಅದು ಉಳಿಯುತ್ತದೆ.

ಮನೆಯ ನೀರಿಗೂ ದಾರಿ ಇದೆ. ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ, ಯೋಜನೆಯ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್. ಒಣಗಿದ್ದ ಕೆರೆಗಳಿಗೆ ನೀರು ಬಂತು, ಅಂತರ್ಜಲ ಏರಿತು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕು ಎಂದು ಕೋಲಾರದ ಜನ ಕೇಳುತ್ತಿದ್ದಾರೆ. ಅವರು ಕೇಳುವುದು ನ್ಯಾಯ. ನಗರ ತಾನು ಶುದ್ಧವಾಗಿ ಪಡೆದದ್ದನ್ನು ಅರೆಬರೆ ತೊಳೆದು ಕೊಟ್ಟು, ಉಪಕಾರ ಮಾಡಿದೆ ಎನ್ನಬಾರದು. ಚೆನ್ನೈನಲ್ಲಿ 2019ರಿಂದ ನಗರದ ಕೊಳಚೆ ನೀರನ್ನೇ ಮೂರನೆಯ ಹಂತದವರೆಗೆ ಶುದ್ಧ ಮಾಡಿ ಕಾರ್ಖಾನೆಗಳಿಗೆ ಕೊಡುತ್ತಿದ್ದಾರೆ. ಎರಡು ಘಟಕಗಳಿವೆ, ತಲಾ ದಿನಕ್ಕೆ 4.5 ಕೋಟಿ ಲೀಟರ್. ಯಂತ್ರ ತಂಪು ಮಾಡಲು ಕುಡಿಯುವ ನೀರೇ ಬೇಕೆಂದಿಲ್ಲ. ಮನೆ ಬಿಟ್ಟ ನೀರು ಕಾರ್ಖಾನೆಗೆ ಆದರೆ, ಹೊಳೆಯ ನೀರು ಹೊಳೆಯಲ್ಲಿಯೇ ಉಳಿಯುತ್ತದೆ.

ಇದರಲ್ಲಿ ಮಠಗಳ ಕೆಲಸ ಏನು ಎಂದು ನೀವು ಕೇಳಬಹುದು. ನೀರಿನಲ್ಲಿ ಮುಳುಗಿ ಎದ್ದರೆ ಪುಣ್ಯ ಬರುತ್ತದೆ ಎಂಬುದನ್ನು ಶರಣರು ಒಪ್ಪಲಿಲ್ಲ. ಆದರೆ ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದರು. ಪುಣ್ಯದ ನೀರಲ್ಲ, ಜನ ಕುಡಿಯುವ ನೀರು. ಆ ಪರಂಪರೆ ನಮ್ಮದು. ಪೂಜ್ಯರ ಕ್ಷಮೆ ಕೋರಿ ನಾಲ್ಕು ಬಿನ್ನಹ ಮಾಡುತ್ತೇನೆ.

ಮೊದಲನೆಯದು, ಮಠಗಳ ಸ್ವಂತ ಜಮೀನಿನಲ್ಲಿ ಯಾವ ಬೆಳೆ ಇದೆ ಎಂದು ನೋಡಿಕೊಳ್ಳೋಣ. ಕಾಲುವೆಯ ಮೇಲ್ಭಾಗದಲ್ಲಿ ಮಠದ ಹೊಲದಲ್ಲೇ ನಿಯಮ ಮೀರಿದ ಭತ್ತವೋ ಕಬ್ಬೋ ನಿಂತಿದ್ದರೆ ನಮ್ಮ ಪ್ರವಚನವನ್ನು ಕೆಳಗಿನ ಊರಿನವರು ನಂಬುವುದಿಲ್ಲ.

ಎರಡನೆಯದು, ದಾಸೋಹದಲ್ಲಿ ವಾರಕ್ಕೆ ಎರಡು ದಿನವಾದರೂ ಅನ್ನದ ಬದಲು ಜೋಳದ ರೊಟ್ಟಿ, ರಾಗಿ ಮುದ್ದೆ, ನವಣೆ ಬಡಿಸೋಣ. ದೊಡ್ಡ ಮಠಗಳಲ್ಲಿ ಸಾವಿರಾರು ಮಕ್ಕಳು ದಿನವೂ ಉಣ್ಣುತ್ತಾರೆ. ಮಠವೇ ಜೋಳ ಕೊಳ್ಳುತ್ತದೆ ಎಂದು ಗೊತ್ತಾದರೆ ಜೋಳ ಬಿತ್ತುವವನಿಗೆ ಮಾರುಕಟ್ಟೆಯ ಭರವಸೆ ಸಿಗುತ್ತದೆ.

ಮೂರನೆಯದು, ದಾಸೋಹದ ಅಡುಗೆಮನೆ, ವಸತಿನಿಲಯಗಳ ನೀರು ಚರಂಡಿಗೆ ಹೋಗದೆ ಶುದ್ಧವಾಗಿ ತೋಟಕ್ಕೆ ಹೋಗುವ ವ್ಯವಸ್ಥೆ ಮಾಡೋಣ. ನಮ್ಮಂಥ ನಿವೃತ್ತ ಇಂಜಿನಿಯರುಗಳು ಬೇಕಾದಷ್ಟು ಜನ ಇದ್ದೇವೆ. ಸಂಬಳ ಕೇಳುವುದಿಲ್ಲ, ಕಾಯಕ ಎಂದು ಮಾಡಿಕೊಡುತ್ತೇವೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ನೀರಾವರಿ ಕಾಯ್ದೆಗೆ 2000ರಲ್ಲಿ ತಿದ್ದುಪಡಿ ಆಗಿ ರೈತರೇ ನೀರು ಹಂಚಿಕೊಳ್ಳುವ ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬೆಂಬಲ ಬಂದಿದೆ. ಬಹಳ ಕಡೆ ಅವು ಬೋರ್ಡಿನ ಮೇಲಷ್ಟೇ ಉಳಿದಿವೆ. ಕಾರಣ ಇಷ್ಟೇ, ಮೇಲಿನವನೂ ಕೆಳಗಿನವನೂ ಒಂದೇ ಜಮಖಾನದ ಮೇಲೆ ಕೂರುವುದಿಲ್ಲ. ಅಧಿಕಾರಿ ಕರೆದರೆ ಬರುವುದಿಲ್ಲ. ಪೂಜ್ಯರು ಕರೆದರೆ ಬರುತ್ತಾರೆ. ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನೂ ಮಡಿವಾಳ ಮಾಚಯ್ಯನೂ ಒಕ್ಕಲಿಗ ಮುದ್ದಣ್ಣನೂ ಒಂದೇ ಸಾಲಿನಲ್ಲಿ ಕೂತರು. ಕಾಲುವೆಯ ಬಾಯಿಯ ರೈತ, ಕೊನೆಯ ರೈತ, ಕೆರೆಯಲ್ಲಿ ನೀರು ತೋಡುವ ತಾಯಿ, ಪಕ್ಕದ ಕಾರ್ಖಾನೆಯ ಮಾಲೀಕ, ಇವರನ್ನು ಕೂರಿಸುವ ಮಂಟಪ ಇವತ್ತು ಬೇಕು. ಅಲ್ಲಿ ಪ್ರತಿಯೊಬ್ಬರೂ ನಾಲ್ಕು ಪ್ರಶ್ನೆಗೆ ಉತ್ತರ ಹೇಳಲಿ. ಎಷ್ಟು ತೆಗೆದುಕೊಂಡೆ? ಎಷ್ಟು ಹಿಂತಿರುಗಿಸಿದೆ? ಹೇಗೆ ಹಿಂತಿರುಗಿಸಿದೆ? ನನ್ನ ಕೆಳಗಿನವರಿಗೆ ಮುಟ್ಟಿತೇ?

ನೌಕರಿಯಿಂದ ನಿವೃತ್ತನಾದ ಮೇಲೆ ನಾನು ಆ ಹಳ್ಳಿಗೆ ಒಮ್ಮೆ ಹೋಗಿದ್ದೆ. ಅಜ್ಜ ಲಿಂಗೈಕ್ಯನಾಗಿದ್ದ. ಅವನ ಮಗ ಗುರುತು ಹಿಡಿದು ಮನೆಯೊಳಗೆ ಕರೆದ. ಬೇಸಿಗೆ. ಹೊರಗೆ ಕೊಡಗಳ ಸಾಲು ಇತ್ತು. ಸೊಸೆ ಒಂದು ತಂಬಿಗೆ ನೀರು ತಂದು ಮುಂದೆ ಇಟ್ಟಳು. ಆ ತಂಬಿಗೆಯನ್ನು ಎತ್ತುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಗೇಜ್ ಪುಸ್ತಕದಲ್ಲಿ ನಾನು ಎಳೆಯದೆ ಬಿಟ್ಟ ಕಾಲಂ ಒಂದಿದೆ. ಕೊನೆಯಲ್ಲಿ ಎಷ್ಟು ಮುಟ್ಟಿತು ಎಂಬ ಕಾಲಂ. ಸರ್ಕಾರದ ಪುಸ್ತಕದಲ್ಲಿ ಇನ್ನು ನಾನು ಬರೆಯಲಾರೆ. ಇಲ್ಲಿ ಕುಳಿತಿರುವ ನೀವು ನಿಮ್ಮ ನಿಮ್ಮ ಹೊಲದ, ಮನೆಯ, ಮಠದ ಲೆಕ್ಕದ ಪುಸ್ತಕದಲ್ಲಿ ಆ ಗೆರೆ ಎಳೆದರೆ ನನ್ನ ಕಾಯಕದಲ್ಲಿ ಉಳಿದ ಬಾಕಿ ಸ್ವಲ್ಪವಾದರೂ ತೀರುತ್ತದೆ.